ಇಲಿಗಳು ಹೋಗದ ವರ್ಷ

ನಮ್ಮೂರಿನ ಇಲಿಗಳು ವರ್ಷಕ್ಕೊಮ್ಮೆ ಊರು ಬಿಡುತ್ತವೆ. ದೀಪಾವಳಿ ಕಳೆದು ಮೂಡಣದ ಚಳಿಗಾಳಿ ಬಿದ್ದ ವಾರದಲ್ಲಿ ಒಂದು ಬೆಳಿಗ್ಗೆ ಅಟ್ಟದಿಂದ, ಗೋಡೆಯ ಬಿಲದಿಂದ, ಚರಂಡಿಯಿಂದ ಇಳಿದು ಬಂದು ಪೇಟೆ ಬೀದಿಯಲ್ಲಿ ಒಂದಾಗುತ್ತವೆ. ಊರ ಹೆಬ್ಬಾಗಿಲಾದ ಬಡಗಣ ಅಗಸಿ ದಾಟಿ ಕರಿಕಲ್ಲು ಗುಡ್ಡ ಹತ್ತುತ್ತವೆ. ಅವು ಹೋಗುವಷ್ಟು ಹೊತ್ತು ಊರಿನಲ್ಲಿ ಒಂದು ಗಾಲಿಯೂ ಉರುಳುವುದಿಲ್ಲ. ಜನ ಹೊಸ್ತಿಲ ಒಳಗೇ ನಿಂತು ನೋಡುತ್ತಾರೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಅವು ವಾಪಸು ಬರುತ್ತವೆ. ಬರುವಾಗ ಸಾಲಿಲ್ಲ, ಸದ್ದಿಲ್ಲ. ಒಂದು ದಿನ ಬೆಳಿಗ್ಗೆ ಹಿಟ್ಟಿನ ಡಬ್ಬಿಯ ಹತ್ತಿರ ಹಿಕ್ಕೆ ಕಂಡರೆ ಬಂದಿವೆ ಎಂದು ಲೆಕ್ಕ.

ಇಲಿ ಊರಲ್ಲಿರುವ ಕಾಲವನ್ನು ನಾವು ಮುಚ್ಚಳದ ತಿಂಗಳು ಅನ್ನುತ್ತೇವೆ. ಆಗ ಎಲ್ಲಾ ಪಾತ್ರೆಗೂ ಮುಚ್ಚಳ ಬೇಕು, ಮುಚ್ಚಳದ ಮೇಲೆ ಕಲ್ಲು ಬೇಕು. ನೀರನ್ನು ಕುದಿಸದೆ ಯಾರೂ ಬಾಯಿಗೆ ಹಾಕುವುದಿಲ್ಲ. ಮನೆಯೊಳಗೂ ಚಪ್ಪಲಿ, ಅಡುಗೆಮನೆಯಲ್ಲೂ ಚಪ್ಪಲಿ. ಊಟ ಮಂಚದ ಮೇಲೆ ಕೂತು. ಇಲಿ ಹೋದ ಮೇಲಿನದು ಬರಿಗಾಲ ತಿಂಗಳು. ಆಗ ಮುಚ್ಚಳಗಳೆಲ್ಲ ಅಟ್ಟಕ್ಕೆ ಹೋಗುತ್ತವೆ. ಮಕ್ಕಳು ಬರಿಗಾಲಲ್ಲಿ ಬೀದಿಗಿಳಿಯುತ್ತಾರೆ, ಜನ ಕೆರೆಯ ನೀರನ್ನು ಹಾಗೇ ಬೊಗಸೆಯಲ್ಲಿ ಕುಡಿಯುತ್ತಾರೆ. ಲಗ್ನಗಳು ನಡೆಯುವುದು ಆಗಲೇ. ಯಾಕೆಂದರೆ ಚಪ್ಪಲಿ ಹಾಕಿಕೊಂಡು ಸಪ್ತಪದಿ ತುಳಿಯಲಾಗದು, ಸಾವಿರ ಜನರನ್ನು ಮಂಚದ ಮೇಲೆ ಕೂರಿಸಿ ಉಣಬಡಿಸಲೂ ಆಗದು.

ಒಂದು ಕಾಲದಿಂದ ಇನ್ನೊಂದಕ್ಕೆ ಊರನ್ನು ದಾಟಿಸುವುದು ನಮ್ಮ ಮನೆತನದ ಕೆಲಸ. ಅಗಸಿಗೆ ಹೊಂದಿಕೊಂಡಿರುವ ಮನೆ ನಮ್ಮದು. ಕೊನೆಯ ಇಲಿ ಅಗಸಿ ದಾಟಿದ್ದನ್ನು ಕಣ್ಣಾರೆ ಕಂಡು ನಗಾರಿ ಬಾರಿಸಬೇಕು. ನಗಾರಿ ಕೇಳಿಸಿದ ಮೇಲೆಯೇ ಊರು ಚಪ್ಪಲಿ ಬಿಡುತ್ತದೆ. ಅಪ್ಪ ಬಾರಿಸುತ್ತಿದ್ದ. ಅವನಿಗೆ ಗಂಡು ಮಕ್ಕಳಿರಲಿಲ್ಲ. ಅವನು ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ನಾನು ಬಾರಿಸುತ್ತಿದ್ದೇನೆ. ನನ್ನ ಹೆಸರು ನೀಲಗಂಗವ್ವ. ಮದುವೆಯಾಗಲಿಲ್ಲ. ತಂಗಿ ಹೆರಿಗೆಯಲ್ಲಿ ಹೋದಾಗ ಅವಳ ಮಗಳು ರೇಣವ್ವನನ್ನು ತಂದು ಸಾಕಿದೆ.

ಆ ವರ್ಷ ಮಳೆ ನಿಲ್ಲಲಿಲ್ಲ. ಜೋರು ಮಳೆಯೇನೂ ಅಲ್ಲ. ನಾಲ್ಕು ದಿನಕ್ಕೊಮ್ಮೆ ಬಂದು ನೆಲ ನೆನೆಸಿ ಹೋಗುತ್ತಿತ್ತು, ಅಷ್ಟೇ. ದಸರೆ ಹೋಯಿತು, ದೀಪಾವಳಿ ಹೋಯಿತು, ಸೆಕೆ ಇಳಿಯಲಿಲ್ಲ. ಹಣತೆಗೆ ಎಣ್ಣೆ ಹಾಕುವಾಗ ಬೆನ್ನಲ್ಲಿ ಬೆವರು ಇಳಿದದ್ದು ನನಗೆ ನೆನಪಿದೆ. ಕಾರ್ತೀಕದಲ್ಲಿ ಒಣಗಬೇಕಾದ ಹುಲ್ಲು ಗುಡ್ಡದ ತುಂಬ ಎರಡನೇ ಸಲ ತೆನೆ ಬಿಟ್ಟಿತು. ಇಲಿಗಳು ಮರಿ ಹಾಕಿದವು, ಆ ಮರಿಗಳು ದೊಡ್ಡವಾಗಿ ಅವೂ ಮರಿ ಹಾಕಿದವು. ಹಗಲು ಹೊತ್ತಿನಲ್ಲೇ ಪೇಟೆ ಬೀದಿಯಲ್ಲಿ ಅಡ್ಡ ಬರುತ್ತಿದ್ದವು. ಒಂದು ಸಲ ಹಾಸಿಗೆ ಕೊಡವಿದರೆ ಗುಲಾಬಿ ಬಣ್ಣದ ಆರು ಮರಿಗಳು ಉದುರಿದವು, ಕಣ್ಣು ಕೂಡ ಬಿಟ್ಟಿರಲಿಲ್ಲ.

ನಾನು ದಿನಾ ಬೆಳಿಗ್ಗೆ ಅಗಸಿ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ಗಾಳಿ ಬರಲಿಲ್ಲ. ಜನ ಮಾತ್ರ ಬಂದರು. ಮೊದಲು ಕೇಳಿಕೊಂಡು ಬಂದರು, ಆಮೇಲೆ ಗೊಣಗಿಕೊಂಡು ಬಂದರು. ಕೊನೆಗೆ ಊರಿನ ಹಿರಿಯ ಬಸಲಿಂಗಪ್ಪ ತಾನೇ ಬಂದ. ಅವನು ಕೆಟ್ಟ ಮನುಷ್ಯನಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಬಹಳ ಹೊತ್ತು ಗುಡ್ಡವನ್ನೇ ನೋಡಿದ.

"ನಲವತ್ತು ಲಗ್ನ ನಿಂತಾವ, ನೀಲವ್ವ" ಅಂದ. "ಇನ್ನ ಹದಿನೈದು ದಿನಕ್ಕ ಧನುರ್ಮಾಸ ಬರ್ತೈತಿ. ಆಮ್ಯಾಲೆ ಮುಹೂರ್ತ ಇಲ್ಲ. ಜನಕ್ಕ ನಾ ಏನ್ ಹೇಳ್ಲಿ?"

"ಇಲಿ ಹೋಗಿಲ್ಲ ಅಂತ ಹೇಳ್ರಿ."

"ಅದನ್ನ ಅವರೂ ಬಲ್ಲರು. ಯಾವಾಗ ಹೋಗ್ತಾವ ಅಂತ ಕೇಳಾಕತ್ತಾರ."

ನಲವತ್ತು ಲಗ್ನಗಳಲ್ಲಿ ರೇಣವ್ವನದೂ ಒಂದಿತ್ತು. ಹುಡುಗ ಶಿವಪುತ್ರ, ಕೆಳಗಿನ ಓಣಿಯವನು. ಅವನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳು ಹೋದರೆ ವರ್ಷದವರೆಗೆ ಲಗ್ನ ಇಲ್ಲ ಎಂದು ಅವರ ಮನೆಯವರು ಎರಡು ಸಲ ಹೇಳಿಕಳಿಸಿದ್ದರು. ರೇಣವ್ವ ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಹಸಿರು ಬಳೆಗಳನ್ನು ಮಾತ್ರ ದಿನಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಒರೆಸಿ ಇಡುತ್ತಿದ್ದಳು.

ಬಸಲಿಂಗಪ್ಪ ಬಂದುಹೋದ ಮೂರನೇ ದಿನ, ಶುಕ್ರವಾರ, ಬೆಳಗಿನ ಗಾಳಿಯಲ್ಲಿ ಒಂದಿಷ್ಟು ತಂಪಿತ್ತು. ಚಳಿ ಅನ್ನುವಂಥದಲ್ಲ, ತಂಪು. ನಾನು ಕಟ್ಟೆಯ ಮೇಲಿದ್ದೆ. ಪೇಟೆ ಬೀದಿಯ ಕಡೆಯಿಂದ ಇಲಿಗಳು ಬಂದವು. ಮೂವತ್ತೋ ನಲವತ್ತೋ ಇದ್ದಾವು. ಅಗಸಿ ದಾಟಿದವು. ಪ್ರತಿ ವರ್ಷ ಅವು ದಾಟಲು ಎರಡು ತಾಸು ಹಿಡಿಯುತ್ತದೆ. ಬೀದಿಯ ಕಲ್ಲು ಕಾಣದ ಹಾಗೆ ಬರುತ್ತವೆ. ನಾನು ಉಳಿದವಕ್ಕೆ ಕಾದೆ. ಬೀದಿ ಖಾಲಿಯಿತ್ತು. ಹೋದವುಗಳಲ್ಲಿ ನಾಲ್ಕು ಗುಡ್ಡದ ಬುಡದಲ್ಲಿ ನಿಂತವು, ಹುಲ್ಲಿನ ತೆನೆ ಮೂಸಿದವು, ತಿರುಗಿ ನನ್ನ ಕಾಲ ಕೆಳಗಿನ ಸಂದಿಯಿಂದಲೇ ಊರಿಗೆ ವಾಪಸಾದವು.

ಅದನ್ನು ನಾನು ನೋಡಿದೆ. ನೋಡಿಲ್ಲ ಎಂದು ಯಾವತ್ತೂ ಹೇಳಲಾರೆ. ನೋಡಿ, ಒಳಗೆ ಹೋಗಿ, ಕೋಲು ತಂದು, ನಗಾರಿ ಬಾರಿಸಿದೆ.

ಬಾರಿಸುತ್ತಿರುವಾಗಲೇ ಊರು ಎದ್ದ ಸದ್ದು ಕೇಳಿಸಿತು. ಮುಚ್ಚಳ ತೆಗೆದ ಸದ್ದು, ಚಪ್ಪಲಿ ಎಸೆದ ಸದ್ದು, ಮಕ್ಕಳು ಕೂಗಿದ ಸದ್ದು. ರೇಣವ್ವ ಅಂಗಳಕ್ಕೆ ಬಂದು ಬರಿಗಾಲನ್ನು ಒದ್ದೆ ಮಣ್ಣಿನಲ್ಲಿಟ್ಟು ನನ್ನ ಕಡೆ ನೋಡಿ ನಕ್ಕಳು. ಎದುರು ಮನೆಯ ರಾಜೇಸಾಬ ತನ್ನ ಚುರಮರಿ ಹುರಿಯುವ ಭಟ್ಟಿಯ ಬಾಗಿಲಲ್ಲಿ ನಿಂತು ಗಮ್ ಬೂಟುಗಳನ್ನು ಕಳಚುತ್ತಿದ್ದ. ಭತ್ತ ನೆನೆಹಾಕುವ ತೊಟ್ಟಿಯಲ್ಲಿ ದಿನವೆಲ್ಲ ನಿಲ್ಲುವ ಕೆಲಸ ಅವನದು. ಮುಚ್ಚಳದ ತಿಂಗಳಲ್ಲಿ ಬೂಟು ಹಾಕಿ ಹಾಕಿ ಅವನ ಹಿಮ್ಮಡಿ ಒಡೆದು ಸೀಳಿರುತ್ತಿತ್ತು.

"ನೀಲಕ್ಕ, ಕಾಲಿಗೆ ಜೀವ ಬಂತು ನೋಡು" ಅಂದ.

ರೇಣವ್ವನ ಲಗ್ನ ಎಂಟನೇ ದಿನಕ್ಕೆ ಆಯಿತು. ಅದೇ ಹೊತ್ತಿಗೆ ಮಳೆಯೂ ಹಿಡಿಯಿತು. ಈ ಸಲ ಜೋರು ಮಳೆ, ಬಿಟ್ಟೂಬಿಡದೆ ಮೂರು ದಿನ. ಚರಂಡಿ ಉಕ್ಕಿ ಬೀದಿಗೆ ಬಂತು, ಬೀದಿಯ ನೀರು ಚಪ್ಪರದ ಕೆಳಗೆ ಬಂತು. ಪಂಕ್ತಿಯ ಜನ ಸೀರೆ ಧೋತರ ಎತ್ತಿಕಟ್ಟಿಕೊಂಡು ಪಾದ ಮುಳುಗುವ ನೀರಿನಲ್ಲಿ ನಗುನಗುತ್ತಲೇ ಓಡಾಡಿದರು. ಲಗ್ನದಲ್ಲಿ ಮಳೆ ಬಂದರೆ ಒಳ್ಳೆಯದೆಂದು ಯಾರೋ ಅಂದರು. ಗೋಡೆಯ ಬಿಲಗಳಿಂದ ಇಲಿಗಳು ಹೊರಬಂದು ತೊಲೆಯ ಮೇಲೆ ಸಾಲಾಗಿ ಕೂತಿದ್ದನ್ನು ನಾನು ಅಡುಗೆಮನೆಯಲ್ಲಿ ಕಂಡೆ. ಅಡುಗೆಯವರು ಕಂಡರೋ ಇಲ್ಲವೋ ನನಗೆ ತಿಳಿಯದು. ಯಾರೂ ಏನೂ ಅನ್ನಲಿಲ್ಲ.

ಲಗ್ನವಾದ ಎರಡನೇ ಸೋಮವಾರ ರಾಜೇಸಾಬನಿಗೆ ಜ್ವರ ಬಂತು. ಮಂಗಳವಾರ ಬೆಳಿಗ್ಗೆ ನೋಡಲು ಹೋದೆ. ಭಟ್ಟಿ ಆರಿತ್ತು. ಅವನ ಹೆಂಡತಿ ಖಾಜಾಬಿ ಅವನ ಕಾಲು ಒತ್ತುತ್ತಿದ್ದಳು. ಮೀನಖಂಡಕ್ಕೆ ಕೈ ತಾಗಿದರೆ ಸಾಕು, ಆ ಗಟ್ಟಿ ಆಳು ನರಳುತ್ತಿದ್ದ. ನನ್ನ ಕಡೆ ತಿರುಗಿದಾಗ ಅವನ ಕಣ್ಣು ನೋಡಿದೆ. ಬಿಳಿ ಇರಬೇಕಾದಲ್ಲಿ ಕೆಂಪಿತ್ತು. ಕಣ್ಣು ಬಂದಾಗಿನ ಹಾಗೆ ಪಿಸುರಿಲ್ಲ, ನೀರಿಲ್ಲ, ಬರೀ ಕೆಂಪು. ಅಪ್ಪ ನನಗೆ ನಗಾರಿ ಕಲಿಸುವಾಗ ಜೊತೆಗೆ ಇದನ್ನೂ ಕಲಿಸಿದ್ದ. ಕಣ್ಣು ಕೆಂಪು, ಮೀನಖಂಡ ನೋವು, ಆಮೇಲೆ ಮೈ ಹಳದಿ, ಆಮೇಲೆ ಮೂತ್ರ ಕಟ್ಟುವುದು. ಇಲಿಜ್ವರ. ಖಾಜಾಬಿ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಹೊರಗೆ ಬರುವಷ್ಟರಲ್ಲಿ ಆಸ್ಪತ್ರೆಯ ನರ್ಸ್ ಎಸ್ತೇರಮ್ಮ ಎದುರಾದಳು. ನಮ್ಮೂರಿಗೆ ವೈದ್ಯರು ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ಎಲ್ಲ ಅವಳೇ. ಮುಚ್ಚಳದ ತಿಂಗಳಲ್ಲಿ ಯಾರಿಗೆ ಜ್ವರ ಬಂದರೂ ಅವಳು ಮೊದಲು ಕೊಡುವುದು ಇಲಿಜ್ವರದ ಮಾತ್ರೆ. ನಗಾರಿಯಾದ ಮೇಲೆ ಆ ಮಾತ್ರೆ, ಆ ಇಂಜೆಕ್ಷನ್ನು ಎಲ್ಲ ದೊಡ್ಡಾಸ್ಪತ್ರೆಗೆ ವಾಪಸು ಹೋಗುತ್ತವೆ. ಅದು ಲಾಗಾಯ್ತಿನಿಂದ ನಡೆದುಬಂದ ಪದ್ಧತಿ.

"ನೀಲವ್ವ, ನಿಂತ್ಕೊಳ್ರಿ" ಅಂದಳು. "ಬೆಳಿಗ್ಗಿಂದ ನಾಲ್ಕು ಜನಕ್ಕ ಇದ ಜ್ವರ. ಡಾಕ್ಟರಿಗೆ ಫೋನ್ ಮಾಡಿದ್ದೆ. ಇಲಿ ಹೋದ ಮ್ಯಾಲೆ ಇಲಿಜ್ವರ ಹ್ಯಾಂಗ ಬರ್ತೈತಿ, ಬ್ಯಾರೆ ಏನರ ಇರಬೇಕು, ಕಾಮಾಲೆ ಇರಬೇಕು ಅಂದ್ರು. ನನಗ ಮಾತ್ರ ಯಾಕೋ ಮನಸ್ಸು ಒಪ್ಪವಲ್ದು. ನಿಮ್ಮನ್ನ ಕೇಳ್ತೀನಿ. ಇಲಿ ಹೋಗ್ಯಾವ ಹೌದಲ್ಲ?"

ಅವಳು ಕೈಯಲ್ಲಿ ಪೆನ್ನು ಹಿಡಿದಿದ್ದಳು. ನಾನು ಏನು ಹೇಳುತ್ತೇನೋ ಅದನ್ನು ಬರೆದುಕೊಳ್ಳಲು ಕಾಯುತ್ತಿದ್ದಳು. ಎದುರಿನ ಜಗಲಿಯಲ್ಲಿ ಇಬ್ಬರು ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಅವರಿಗೂ ಕೇಳಿಸುತ್ತಿತ್ತು.

"ಹೋಗ್ಯಾವ" ಅಂದೆ.

ಯಾಕೆ ಹಾಗಂದೆನೆಂದು ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಇಲ್ಲ ಅನ್ನಬೇಕೆಂದೇ ಬಾಯಿ ತೆರೆದಿದ್ದೆ. ರೇಣವ್ವನಿಗೆ ಮದುವೆಯಾಗಿ ಹತ್ತು ದಿನವಾಗಿತ್ತು. ಸುಳ್ಳು ನಗಾರಿಗೆ ಆದ ಲಗ್ನ ಲಗ್ನವೇ ಅಲ್ಲ ಎಂದು ಯಾರಾದರೂ ಅಂದಾರು ಅನಿಸಿತು. ನಲವತ್ತು ಮನೆಯವರೂ ನನ್ನ ಬಾಗಿಲಿಗೆ ಬಂದಾರು ಅನಿಸಿತು. ಕಾಮಾಲೆಯೇ ಇದ್ದೀತು ಎಂದೂ ಅನಿಸಿತು. ಇಷ್ಟೆಲ್ಲ ಒಂದು ಉಸಿರಿನಲ್ಲಿ ಆಗಿಹೋಯಿತು. ಎಸ್ತೇರಮ್ಮ ಬರೆದುಕೊಂಡಳು.

ಬುಧವಾರ ಜ್ವರದವರು ಹದಿನೇಳಾದರು. ಗುರುವಾರ ನಾನು ಎಣಿಸುವುದನ್ನು ಬಿಟ್ಟೆ. ರಾಜೇಸಾಬ ಅರಿಸಿನ ಬಳಿದ ಹಾಗಾಗಿದ್ದ. ಮೂತ್ರ ಕಟ್ಟಿತ್ತು. ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ ಹೊರಡಿಸಿದರು. ಹಳ್ಳದ ಸೇತುವೆಯ ಮೇಲೆ ನೀರಿತ್ತು. ಗಾಡಿ ವಾಪಸು ಬಂತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನ ಪಾದಗಳು ಗಾಡಿಯ ಹಿಂದೆ ಚಾಚಿಕೊಂಡಿದ್ದವು. ಹಿಮ್ಮಡಿಯ ಸೀಳುಗಳು ಅಲ್ಲಿಂದಲೂ ಕಾಣುತ್ತಿದ್ದವು. ಆಗಲೂ ನಾನು ಬಾಗಿಲು ತೆಗೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಶಿವಪುತ್ರ ಓಡುತ್ತ ಬಂದ. "ದೊಡ್ಡವ್ವ, ರೇಣಾನ ಮೈ ಸುಡಾಕತ್ತೈತಿ. ಕಾಲು ಮುಟ್ಟಿಸಿಕೊಳ್ಳವಲ್ಲಳು" ಅಂದ.

ಅವನು ಇನ್ನೂ ಏನೋ ಹೇಳುತ್ತಿದ್ದ. ನಾನು ಆಗಲೇ ಬೀದಿಯಲ್ಲಿದ್ದೆ. ರೇಣವ್ವನ ಹತ್ತಿರ ಹೋಗಲಿಲ್ಲ, ಆಸ್ಪತ್ರೆಗೆ ಓಡಿದೆ. ಐವತ್ತೆರಡು ವರ್ಷದ ಹೆಂಗಸು ತಲೆಯ ಮೇಲಿನ ಸೆರಗು ಜಾರಿದರೂ ಎತ್ತಿಕೊಳ್ಳದೆ ಓಡಿದ್ದನ್ನು ಪೇಟೆಯೆಲ್ಲ ನೋಡಿತು. ಎಸ್ತೇರಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಯಾರಿಗೋ ಗ್ಲೂಕೋಸ್ ಹಚ್ಚುತ್ತಿದ್ದಳು. ನೆಲದ ಮೇಲೆಲ್ಲ ಜನ ಮಲಗಿದ್ದರು.

"ಇಲಿ ಹೋಗಿಲ್ಲ" ಅಂದೆ. "ಮೂವತ್ತು ನಲವತ್ತು ಹೋಗಿದ್ರ ಹೆಚ್ಚು. ನಾ ಸುಳ್ಳ ಬಾರಿಸಿದ್ದು."

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ ನನಗೆ ಆಸರೆಯಾಗುತ್ತಿತ್ತು.

"ಮಂಗಳವಾರ ಕೇಳಿದ್ದೆ ನಾ" ಅಂದಳು. ಅಷ್ಟೇ. ಸೂಜಿಯನ್ನು ಸರಿಯಾಗಿ ಕೂರಿಸಿ, ಪಟ್ಟಿ ಅಂಟಿಸಿ, ಎದ್ದು ಫೋನಿನ ಹತ್ತಿರ ಹೋದಳು.

ಹಳ್ಳದ ಆಚೆ ದಡಕ್ಕೆ ಜೀಪಿನಲ್ಲಿ ಔಷಧ ಬಂತು. ಈಚೆಯಿಂದ ಬಸಲಿಂಗಪ್ಪ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎದೆಮಟ್ಟದ ನೀರಿಗಿಳಿದು, ತಲೆಯ ಮೇಲೆ ಡಬ್ಬಿಗಳನ್ನು ಹೊತ್ತು ತಂದ. ಮಧ್ಯಾಹ್ನ ಮೂರಕ್ಕೆ ಮೊದಲ ಇಂಜೆಕ್ಷನ್ನು ಕೊಟ್ಟರು. ರಾಜೇಸಾಬ ಒಂದು ಗಂಟೆಗೆ ಹೋಗಿದ್ದ.

ರೇಣವ್ವ ಉಳಿದಳು. ಅವಳಿಗೆ ಜ್ವರ ಬಂದ ದಿನವೇ ಔಷಧ ಸಿಕ್ಕಿತು, ಅದಕ್ಕೇ ಉಳಿದಳು. ಅದೇ ದಿನ ಜ್ವರ ಬಂದವರಲ್ಲಿ ಯಾರೂ ಸಾಯಲಿಲ್ಲ. ಸೋಮವಾರ, ಮಂಗಳವಾರ ಜ್ವರ ಬಂದವರಲ್ಲಿ ಒಂಬತ್ತು ಜನ ಹೋದರು. ಎಸ್ತೇರಮ್ಮನ ಪುಸ್ತಕದಲ್ಲಿ ಯಾರಿಗೆ ಯಾವತ್ತು ಜ್ವರ ಬಂತು ಎಂಬುದಿದೆ. ಓದು ಬರಹ ಬಲ್ಲವರು ಯಾರು ನೋಡಿದರೂ ತಿಳಿಯುತ್ತದೆ.

ಅವತ್ತು ಸಂಜೆಯಿಂದ ಮೂರು ದಿನ ನಾನು ಮನೆಮನೆಗೆ ಹೋದೆ. ನಗಾರಿಯನ್ನು ವಾಪಸು ಬಾರಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾಯಿಂದಲೇ ಹೇಳಬೇಕಾಯಿತು. "ಮುಚ್ಚಳ ಹಾಕ್ರಿ. ಚಪ್ಪಲಿ ಹಾಕ್ಕೊಳ್ರಿ. ನೀರು ಕುದಿಸ್ರಿ. ಇಲಿ ಊರಾಗ ಅದಾವ. ನಾ ಸುಳ್ಳ ಬಾರಿಸಿದ್ದೆ." ಒಂದು ಬಾಗಿಲೂ ಬಿಡಲಿಲ್ಲ. ಉಗುಳುತ್ತಾರೆ, ಕಲ್ಲು ಬೀಸುತ್ತಾರೆ ಎಂದು ಮೈ ಗಟ್ಟಿಮಾಡಿಕೊಂಡು ಹೋಗಿದ್ದೆ. ಒಬ್ಬ ಮುದುಕ ಮಾತ್ರ ಬೈದ. ಉಳಿದವರು ತಲೆ ತಗ್ಗಿಸಿ ಕೇಳಿಸಿಕೊಂಡು, ಅಟ್ಟಕ್ಕೆ ಏಣಿ ಹಾಕಿ ಮುಚ್ಚಳ ಇಳಿಸಿದರು. ಹೌದೇನು ಎಂದು ಒಬ್ಬರೂ ಕೇಳಲಿಲ್ಲ. ಅದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು. ಯಾಕೆ ಎಂದು ಆಗ ತಿಳಿಯಲಿಲ್ಲ.

ಊರಿನವರು ಸಭೆ ಸೇರಿದರು. ಇನ್ನು ಮುಂದೆ ನಮ್ಮ ಮನೆತನಕ್ಕೆ ಆ ಕೆಲಸ ಬೇಡ ಎಂದು ನಾನೇ ಎದ್ದುನಿಂತು ಹೇಳಿದೆ. ಎಸ್ತೇರಮ್ಮ ಸಭೆಯ ಕೊನೆಯಲ್ಲಿ ಕೂತಿದ್ದಳು. ಈ ಕೆಲಸವನ್ನು ಯಾರಿಗೆ ಕೊಡುವುದೆಂಬ ಚರ್ಚೆ ನಡೆದಾಗ ಅವಳು ಕೈ ಎತ್ತಿ ಮಾತಾಡಿದಳು.

"ಯಾರಿಗಿ ಕೊಟ್ರೂ ಅಷ್ಟ ಐತ್ರೀ. ಚಳಿ ಬಿದ್ದಿಲ್ಲ, ಗುಡ್ಡದಾಗ ಕಾಳು ಮುಗದಿಲ್ಲ, ಮಳಿ ನಿಂತಿಲ್ಲ. ಅವು ಯಾಕ ಹೋಗ್ತಾವ? ಮುಂದಿನ ವರ್ಷನೂ ಹಿಂಗ ಆದ್ರ ಮುಂದಿನ ವರ್ಷನೂ ಹೋಗೂದಿಲ್ಲ. ವರ್ಷಪೂರ್ತಿ ಮುಚ್ಚಳ ಹಾಕೂದು ಕಲೀರಿ. ಔಷಧಾನೂ ವರ್ಷಪೂರ್ತಿ ಇಲ್ಲೇ ಇರ್ಲಿ."

ಲಗ್ನ ಹೇಗೆ ಮಾಡುವುದು ಎಂದು ಒಬ್ಬಳು ಹೆಂಗಸು ಮೆಲ್ಲಗೆ ಕೇಳಿದಳು. ಚಪ್ಪಲಿ ಹಾಕಿಕೊಂಡೇ ಮಾಡೋಣ ಎಂದು ಬಸಲಿಂಗಪ್ಪ ಅಂದ. ಹೋದ ಒಂಬತ್ತು ಜನರಲ್ಲಿ ಅವನ ತಮ್ಮನೂ ಇದ್ದ.

ರಾಜೇಸಾಬ ಹೋದ ಮೇಲೆ ಖಾಜಾಬಿಯ ಮನೆಯೊಳಗೆ ನಾನು ಹೋಗಿರಲಿಲ್ಲ. ಮನೆಮನೆಗೆ ಹೋದಾಗ ಅವಳ ಬಾಗಿಲಲ್ಲಿ ನಿಂತು ಹೇಳಿದ್ದೆ. ಒಳಗಿನಿಂದ ಮಾತು ಬಂದಿರಲಿಲ್ಲ. ಅವಳು ಮೂರು ತಿಂಗಳು ಹೊರಗೆ ಕಾಣಲಿಲ್ಲ. ಭಟ್ಟಿಯ ಹೊಗೆಗೂಡಿನಲ್ಲಿ ಗುಬ್ಬಿಗಳು ಮನೆ ಮಾಡಿದವು. ಒಂದು ಮಧ್ಯಾಹ್ನ ಅವಳೇ ಹೇಳಿಕಳಿಸಿದಳು. ಹೋಗುವ ಮೊದಲು ಎರಡು ಸಲ ಮುಖ ತೊಳೆದುಕೊಂಡೆ. ಅವಳು ಕೇಳುವುದು ಏನೆಂದು ನನಗೆ ಗೊತ್ತಿತ್ತು. ಏನು ಕೇಳಿದರೂ ನಿಜವನ್ನೇ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ದಾರಿ ಅಂದರೆ ಹದಿನೈದು ಹೆಜ್ಜೆ.

ಅವಳು ಖಾಲಿ ತೊಟ್ಟಿಯ ಅಂಚಿನ ಮೇಲೆ ಕೂತಿದ್ದಳು. ನನಗೂ ಪಕ್ಕದಲ್ಲಿ ಜಾಗ ತೋರಿಸಿದಳು.

"ಮಂಗಳವಾರ ನೀ ಬಂದಿದ್ದಿ ಅಲ್ಲ, ಚಾ ಕುಡದು ಹೋದಿ" ಅಂದಳು. "ಅವತ್ತ ಗೊತ್ತಿತ್ತ ನಿನಗ?"

"ಗೊತ್ತಿತ್ತು" ಅಂದೆ.

"ಅವನ ಕಣ್ಣು ನೋಡಿದ ಕೂಡ್ಲೆ?"

"ನೋಡಿದ ಕೂಡ್ಲೆ."

ಅವಳು ತಲೆಯಾಡಿಸಿದಳು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ಅವಳು ಅವನ್ನು ತೊಡೆಯ ಮೇಲೆ ಮೇಲುಮುಖವಾಗಿ ಇಟ್ಟುಕೊಂಡಿದ್ದಳು.

"ನಗಾರಿ ಆದ ದಿನ ಅವ ಬೂಟು ಬಿಚ್ಚಿ ಒಳಗ ಬಂದ" ಅಂದಳು. "ತೊಟ್ಟ್ಯಾಗ ಇಳಿಯೂಕಿಂತ ಮುಂಚೆ ನನ್ನ ಕೇಳಿದ. ಖಾಜಾ, ಅಟ್ಟದಾಗ ಏನರ ಸಪ್ಪಳ ಐತೇನ ಅಂತ. ಅವಗ ಒಂದು ಕಿವಿ ಕೇಳ್ತಿರಲಿಲ್ಲ, ನಿನಗ ಗೊತ್ತಲ್ಲ."

ನಾನು ಹೂಂ ಅಂದೆ.

"ಸಪ್ಪಳ ಇತ್ತು, ನೀಲಕ್ಕ. ಅದ ಹೊತ್ತಿನ್ಯಾಗ ನಮ್ಮ ತಲಿ ಮ್ಯಾಲೆ ಓಡಾಡಾಕತ್ತಿದ್ವು. ನನಗ ಚಂದಗ ಕೇಳಸ್ತಿತ್ತು. ದಿನಾ ಕೇಳಸ್ತಿತ್ತು. ಹಿಟ್ಟಿನ ಡಬ್ಬ್ಯಾಗ ಹಿಕ್ಕಿನೂ ಕಂಡಿದ್ದೆ."

"ನೀ ಏನಂದಿ ಅವಗ?"

"ನಗಾರಿ ಆಗೈತಲ್ಲ, ಇನ್ನೇನ್ ಸಪ್ಪಳ ಅಂದೆ." ಅವಳು ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. ತಾನು ಹೇಳಿದ್ದನ್ನು ತಾನೇ ಮೊದಲ ಸಲ ಕೇಳಿಸಿಕೊಂಡವಳ ಹಾಗೆ ಅವಳ ಬಾಯಿ ಅರ್ಧ ತೆರೆದಿತ್ತು. "ನೀ ಊರ ಮುಂದ ಹೇಳಿದಿ. ನಾ ಇವತ್ತಿನ ತನಕ ಯಾರ ಮುಂದೂ ಹೇಳಿಲ್ಲ."

ಆಗ ನನಗೆ ಮನೆಮನೆಯ ಬಾಗಿಲಲ್ಲಿ ತಗ್ಗಿದ್ದ ಆ ತಲೆಗಳು ಅರ್ಥವಾದವು. ಅವರ ಅಟ್ಟಗಳಲ್ಲೂ ಸಪ್ಪಳ ಇತ್ತು. ನಿನ್ನ ತಪ್ಪಲ್ಲ ಅನ್ನುವ ಹಕ್ಕು ನನಗಿರಲಿಲ್ಲ. ನನ್ನದೇ ತಪ್ಪು ಅಂದರೆ ಅವಳ ಮಾತನ್ನು ಕಸಿದುಕೊಂಡ ಹಾಗಾಗುತ್ತಿತ್ತು. ಅವಳ ಕೈ ಹಿಡಿದುಕೊಳ್ಳಲು ಹೋದೆ. ಅವಳು ಕೊಡಲಿಲ್ಲ. ಎದ್ದು ಹೋಗು ಎಂದೂ ಅನ್ನಲಿಲ್ಲ. ಬಿಸಿಲು ತೊಟ್ಟಿಯ ಈ ಅಂಚಿನಿಂದ ಆ ಅಂಚಿಗೆ ಸರಿಯುವ ತನಕ ನಾವಿಬ್ಬರೂ ಅಲ್ಲೇ ಕೂತಿದ್ದೆವು.